ಚೌಕ ಕಂಸದೊಳಗಿನ ನೂರಾ ಹದಿನೇಳು ಮಂದಿ

ತಮ್ಮ ಕೆಲಸ ಏನೆಂದು ಒಂದೇ ವಾಕ್ಯದಲ್ಲಿ ಹೇಳಬಲ್ಲವರನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಟೇಲರ್ ಬಟ್ಟೆ ಹೊಲಿಯುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡುತ್ತಾನೆ, ನಮ್ಮ ಓಣಿಯ ಡಾಕ್ಟರು ಸೂಜಿ ಚುಚ್ಚುತ್ತಾರೆ. ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ನನ್ನ ಪಾಲಿಗೆ ಆ ಭಾಗ್ಯವಿಲ್ಲ. ಗಂಗಾವತಿಯಿಂದ ಶ್ರೀರಾಮನಗರದ ಕಡೆ ಹೋಗುವ ರಸ್ತೆಯಲ್ಲಿ ಒಂದು ರೈಸ್ ಮಿಲ್ ಇದೆ. ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇಷ್ಟು ಹೇಳಿದರೆ "ನೋಡ್ಕೊಳ್ಳೂದಂದ್ರ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕುಷ್ಟಗಿಯ ದೊಡ್ಡಮ್ಮ ಮನೆಗೆ ಬಂದಾಗ ಇದನ್ನೇ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಡುಗೆಮನೆಯಿಂದ, "ಮುಂಜಾನೆ ಹೋಗಿ ಚಾಲೂ ಮಾಡ್ತಾಳ, ಸಂಜಿಕ ಬಂದ್ ಮಾಡಿ ಬರ್ತಾಳ" ಎಂದು ಉತ್ತರಿಸಿದಳು. "ಮತ್ತ ನಡುವ?" ಎಂದಳು ದೊಡ್ಡಮ್ಮ. "ನಡುವ ಅದರ ಮುಂದ ಕುಂದರ್ತಾಳ." ಅಷ್ಟು ಓದಿ, ಹಾಸ್ಟೆಲ್ಲಿನ ಸಾರು ಉಂಡು, ಚಿನ್ನದ ಪದಕ ಒಂದೂವರೆ ಅಂಕದಲ್ಲಿ ತಪ್ಪಿಸಿಕೊಂಡು ಬಂದವಳು ನಾನು. ಅವ್ವನ ವಾಕ್ಯದಲ್ಲಿ ಒಂದು ತಪ್ಪಾದರೂ ಸಿಗಬಹುದೇ ಎಂದು ಬಹಳ ಹೊತ್ತು ಹುಡುಕಿದೆ. ಸಿಗಲಿಲ್ಲ.

ನನ್ನ ತೊಂದರೆ ಇಷ್ಟೇ. ಅರ್ಧ ಹೇಳಿದರೆ ಸುಳ್ಳು ಹೇಳಿದಂತೆ ಅನಿಸುತ್ತದೆ. ಪೂರ್ತಿ ಹೇಳಲು ಹೊರಟರೆ ಕೇಳುವವರು ಎದ್ದು ಹೋಗುತ್ತಾರೆ. ಹೀಗಾಗಿ ಸುಮ್ಮನಿರುವುದನ್ನೇ ರೂಢಿ ಮಾಡಿಕೊಂಡಿದ್ದೇನೆ. ಮಿಲ್ಲಿನಲ್ಲಿ ನನ್ನನ್ನು ಬಿಗುಮಾನದವಳೆಂದು ತಿಳಿದವರಿದ್ದಾರೆ, ಭಯಸ್ಥೆ ಎಂದು ತಿಳಿದವರೂ ಇದ್ದಾರೆ. ಎರಡರಲ್ಲಿ ಯಾವುದೂ ನನಗೆ ಅಡ್ಡಿಯಿರಲಿಲ್ಲ. ಟಿಫಿನ್ ಡಬ್ಬಿ, ಕಿಟಕಿಯ ಪಕ್ಕದ ಕುರ್ಚಿ, ಯಾರೂ ಮಾತಾಡಿಸದ ಮಧ್ಯಾಹ್ನ, ಹೀಗೆ ಎರಡು ವರ್ಷ ಸುಖವಾಗಿ ಕಳೆದವು. ಈ ಸಲದ ಸುಗ್ಗಿಯಲ್ಲಿ ಮ್ಯಾನೇಜರ್ ವೀರಭದ್ರಪ್ಪನವರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಅಲ್ಲಿಗೆ ಆ ಸುಖ ಮುಗಿಯಿತು.

ವೀರಭದ್ರಪ್ಪನವರು ಯಲಬುರ್ಗಾ ಕಡೆಯವರು. ಒಳ್ಳೆಯ ಮನುಷ್ಯ. ಅವರಿಗೆ ಬಾಳಿನಲ್ಲಿ ಒಂದೇ ಒಂದು ಸಿದ್ಧಾಂತವಿದೆ: ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರು ಕಾಂಪೌಂಡಿನ ಒಳಗೆ ಇರಕೂಡದು. ಆಯುಧಪೂಜೆಯ ದಿನ ಬಾಯ್ಲರಿಗೆ ಕುಂಕುಮ ಹಚ್ಚಲು ಬಂದ ಐನೋರಿಂದಲೂ ಸಹಿ ಹಾಕಿಸಿಕೊಂಡವರು ಅವರು. ಐನೋರು 'ಬಂದ ಉದ್ದೇಶ' ಎಂಬ ಕಲಮಿನಲ್ಲಿ 'ಲೋಕಕಲ್ಯಾಣ' ಎಂದು ಬರೆದದ್ದನ್ನು ಹೊಡೆದುಹಾಕಿಸಿ, 'ಪೂಜೆ, ಅರ್ಧ ತಾಸು' ಎಂದು ತಿದ್ದಿಸಿದರಂತೆ. ಇದು ನಾನು ಸೇರುವ ಮೊದಲಿನ ಮಾತು. ಆದರೆ ಆ ಪುಟವನ್ನು ಎಲ್ಲರೂ ತೋರಿಸುತ್ತಾರೆ.

ತೊಂದರೆ ಶುರುವಾದದ್ದು ಕಾಟಾ ಕೋಣೆಯಲ್ಲಿ. ಭತ್ತ ತುಂಬಿದ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಹತ್ತಿಸಿ ತೂಗುವ ಕಟ್ಟೆಗೆ ನಮ್ಮ ಕಡೆ ಕಾಟಾ ಅನ್ನುತ್ತಾರೆ. ಗಾಡಿ ಹತ್ತಿತೆಂದರೆ ತೂಕ ತಾನಾಗಿ ಕಂಪ್ಯೂಟರಿಗೆ ಬರುತ್ತದೆ, ಚೀಟಿ ಅಚ್ಚಾಗುತ್ತದೆ, ಡ್ರೈವರ್ ಚೀಟಿ ಹಿಡಿದುಕೊಂಡು ಹೋಗುತ್ತಾನೆ. ಹಿಂದೆಲ್ಲ ಅವನು ಗಾಡಿಯಿಂದ ಇಳಿದು ಕಿಟಕಿಗೆ ಬರುವಷ್ಟರಲ್ಲಿ ಚೀಟಿ ಸಿದ್ಧವಿರುತ್ತಿತ್ತು. ಈ ಸುಗ್ಗಿಯಲ್ಲಿ ಅವನು ಇಳಿದು, ಚಹಾ ಕುಡಿದು, ಊರಿಗೆ ಫೋನ್ ಮಾಡಿ, ಇನ್ನೊಂದು ಚಹಾ ಕುಡಿದರೂ ಚೀಟಿ ಬರಲೊಲ್ಲದು. ಗಾಡಿಗಳ ಸಾಲು ಗೇಟು ದಾಟಿ, ರಸ್ತೆ ದಾಟಿ, ಕಾಲುವೆಯ ಸೇತುವೆಯವರೆಗೆ ಹೋಯಿತು. ಮರಳಿ ಎಂಬ ಊರಿನ ಡ್ರೈವರ್ ಒಬ್ಬ ಕಿಟಕಿಯಲ್ಲಿ ತಲೆ ಹಾಕಿ, "ಮೇಡಂ, ಭತ್ತ ಇಲ್ಲೇ ಮೊಳಕಿ ಒಡದು ನಾಟಿಗೆ ಬಂದಾವ್ರಿ" ಎಂದ. ವೀರಭದ್ರಪ್ಪನವರು ಹೇಮಗುಡ್ಡದ ಗುಡಿಯಿಂದ ತಂದ ಭಂಡಾರವನ್ನು ಮಾನಿಟರಿನ ಹಣೆಗೆ ಹಚ್ಚಿದರು. ಅದರಿಂದಲೂ ಆಗಲಿಲ್ಲ.

ಗುರುವಾರ ಹನ್ನೊಂದರ ಹೊತ್ತಿಗೆ ನಾನು, ಕಂಪ್ಯೂಟರಿನೊಳಗೆ ಸದ್ಯ ಯಾರು ಯಾರು ಏನು ಮಾಡುತ್ತಿದ್ದಾರೆ ಎಂಬ ಪಟ್ಟಿಯನ್ನು ಪರದೆಗೆ ತಂದು ನೋಡುತ್ತಿದ್ದೆ. ಹಿಂದೆ ಉಸಿರಿನ ಸಪ್ಪಳ ಕೇಳಿಸಿತು. ವೀರಭದ್ರಪ್ಪನವರು ಕನ್ನಡಕ ಹಣೆಗೇರಿಸಿ ಪಟ್ಟಿ ಓದುತ್ತಿದ್ದರು.

"ಇವ್ರೆಲ್ಲಾ ಯಾರ್ರೀ ಮೇಡಂ?"

"ಯಾರು ಸರ್?"

"ಇವ್ರ, ಡಬ್ಯಾಗ ಕುಂತವ್ರು. ಆ ಕಡಿಗೊಂದು ಈ ಕಡಿಗೊಂದು ಕೊಂಡಿ ಹಾಕ್ಕೊಂಡು ಸಾಲಾಗಿ ಕುಂತಾರಲ್ಲ."

ಚೌಕ ಕಂಸದೊಳಗಿನ ಹೆಸರುಗಳನ್ನು ಅವರು ತೋರಿಸುತ್ತಿದ್ದರು. "ಅವು ಕರ್ನಲ್ಲಿನ ಕೆಲಸಗಾರರು ಸರ್" ಎಂದೆ. ಇದು ನನ್ನ ಮೊದಲ ತಪ್ಪು. ಕೆಲಸಗಾರ ಎಂಬ ಪದ ಕಿವಿಗೆ ಬಿದ್ದರೆ ವೀರಭದ್ರಪ್ಪನವರ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಗುತ್ತದೆ.

"ಯಾರು ತಗೊಂಡಾರ ಇವ್ರನ್ನ ಕೆಲ್ಸಕ್ಕ?"

"ಯಾರೂ ತಗೊಂಡಿಲ್ರಿ. ಕಂಪ್ಯೂಟರ್ ಚಾಲೂ ಆದ ಕೂಡ್ಲೇ ತಾವ ಬರ್ತಾವ."

"ತಾವ ಬರ್ತಾವ! ಎಷ್ಟ ಮಂದಿ?"

ಅವರು ಪೆನ್ನಿನ ತುದಿಯಿಂದ ಗಾಜಿನ ಮೇಲೆ ಒಂದೊಂದೇ ಹೆಸರು ಮುಟ್ಟಿ ಎಣಿಸಿದರು. ಪಟ್ಟಿಯನ್ನು ಮೇಲೆ ಸರಿಸಿ ಎಂದಾಗ ನಾನು ಸರಿಸಿದೆ. "ನೂರಾ ಹದಿನೇಳು" ಎಂದರು. "ಹೊರಗ ನಮ್ಮ ಹಮಾಲರು ನಲವತ್ತು ಮಂದಿ. ಒಳಗ ಇಷ್ಟ ದೊಡ್ಡ ಡಬ್ಯಾಗ ಹಾಜರಿ ಇಲ್ದ ನೂರಾ ಹದಿನೇಳು ಮಂದಿ. ಇಷ್ಟ ಮಂದಿ ಒಳಗ ತುಂಬಿದ್ರ ಚೀಟಿ ಹೊರಗ ಹೆಂಗ ಬರಬೇಕ್ರಿ?"

ಅವರಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳಿಬಿಡುತ್ತೇನೆ. ಎದುರಿಗೆ ಮುಖ ಕಾಣದಿದ್ದರೆ ನನಗೆ ಮಾತು ಬರುತ್ತದೆ. ಕಂಪ್ಯೂಟರಿನಲ್ಲಿ ನಾವು ತೆರೆಯುವ ಪ್ರೋಗ್ರಾಮುಗಳು ಪಡಸಾಲೆಯಲ್ಲಿ ಕುಳಿತ ಅತಿಥಿಗಳಿದ್ದಂತೆ. ಒಳಮನೆಯಲ್ಲಿ ಕರ್ನಲ್ ಎಂಬ ಯಜಮಾನಿ ಇದ್ದಾಳೆ. ಡಿಸ್ಕಿಗೆ ಬರೆಯುವುದು, ನೆನಪಿನಲ್ಲಿ ಜಾಗ ಹೊಂದಿಸುವುದು, ನೆಟ್‌ವರ್ಕಿನಿಂದ ಬಂದದ್ದನ್ನು ಹಂಚುವುದು ಎಲ್ಲ ಅವಳದೇ ಜವಾಬ್ದಾರಿ. ಕೈಲಿದ್ದದ್ದನ್ನು ಬಿಟ್ಟು ಮಾಡಲಾಗದ ಕೆಲಸಗಳಿಗೆಂದು ಅವಳು ತನ್ನದೇ ಕೆಲಸಗಾರರನ್ನು ಇಟ್ಟುಕೊಂಡಿರುತ್ತಾಳೆ. ಅವರನ್ನು ಪಡಸಾಲೆಯವರಿಗೆ ತೋರಿಸಬೇಕೇ ಬೇಡವೇ ಎಂಬುದರಲ್ಲಿ ಒಂದೊಂದು ಮನೆಯದು ಒಂದೊಂದು ರೀತಿ. ವಿಂಡೋಸಿನಲ್ಲಿ ಅವರೆಲ್ಲ ಸಿಸ್ಟಂ ಎಂಬ ಒಂದೇ ಹೆಸರಿನ ಅಡಿಯಲ್ಲಿ ಇರುತ್ತಾರೆ. "ಒಳಗ ಮಂದಿ ಅದಾರ" ಎಂದು ಹೇಳಿ ಬಾಗಿಲು ಮುಂದೆ ಮಾಡಿದಂತೆ. ನಮ್ಮ ಮಿಲ್ಲಿನಲ್ಲಿರುವುದು ಲಿನಕ್ಸ್. ಅದು ಒಬ್ಬೊಬ್ಬರಿಗೂ ಒಂದು ನಂಬರು ಕೊಟ್ಟು, ನಮ್ಮ ಪ್ರೋಗ್ರಾಮುಗಳ ಸಾಲಿನಲ್ಲೇ ಅವರನ್ನೂ ನಿಲ್ಲಿಸುತ್ತದೆ. ಆ ಪಟ್ಟಿ ಡಿಸ್ಕಿನಲ್ಲಿ ಎಲ್ಲಿಯೂ ಬರೆದಿಟ್ಟದ್ದಲ್ಲ. ಯಾರಾದರೂ ಓದಲು ಬಂದಾಗ ಆ ಗಳಿಗೆಗೆ ಇರುವಂತೆ ಹೊಸದಾಗಿ ಬರೆದುಕೊಡುತ್ತದೆ. ಬೀಗರು ಬಂದಾಗ ನಮ್ಮ ಅವ್ವ ಮನೆಯ ಪರಿಸ್ಥಿತಿ ವಿವರಿಸುವುದೂ ಹೀಗೆಯೇ, ಆದರೆ ಲಿನಕ್ಸ್ ನಿಜ ಹೇಳುತ್ತದೆ. ಇನ್ನು ಆ ಕಂಸ. ಪ್ರತಿಯೊಂದು ಪ್ರೋಗ್ರಾಮಿಗೂ ತನ್ನನ್ನು ಯಾವ ಆಜ್ಞೆಯಿಂದ ತೆರೆದರು ಎಂಬ ಒಂದು ಸಾಲು ಇರುತ್ತದೆ. ಕರ್ನಲ್ಲಿನ ಕೆಲಸಗಾರರನ್ನು ಹೊರಗಿನ ಯಾರೂ ತೆರೆದಿಲ್ಲವಾದ್ದರಿಂದ ಆ ಸಾಲು ಖಾಲಿ. ಪಟ್ಟಿ ತೋರಿಸುವ ಪ್ರೋಗ್ರಾಮು ಏನು ಬರೆಯಬೇಕೆಂದು ತಿಳಿಯದೆ, ಸಂಕೋಚದಿಂದ, ಬರಿಯ ಹೆಸರನ್ನು ಕಂಸದಲ್ಲಿ ಇಡುತ್ತದೆ. ಯೂನಿವರ್ಸಿಟಿಯಲ್ಲಿ ನಮ್ಮ ಸರ್ ಇದನ್ನು ಕಲಿಸಿ, "ಕಂಸದೊಳಗಿನವರ ತಂಟೆಗೆ ಹೋಗಬೇಡಿ" ಎಂದು ಮುಗಿಸಿದ್ದರು. ನಾನು ಅದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಂಡು, ಇಷ್ಟು ವರ್ಷ ಚಾಚೂ ತಪ್ಪದೆ ಪಾಲಿಸಿದ್ದೆ.

ವೀರಭದ್ರಪ್ಪನವರಿಗೆ ಇಂಥ ಕಟ್ಟುಪಾಡು ಇರಲಿಲ್ಲ. "ಹೊರಗ ಹಾಕ್ರಿ" ಎಂದರು.

"ಹಾಕಾಕ ಬರಂಗಿಲ್ರಿ ಸರ್."

"ಒಬ್ಬಾತನ್ನ ಹಾಕಿ ತೋರಿಸ್ರಿ."

ಯಾವ ಪ್ರೋಗ್ರಾಮೂ ಎದುರಾಡಲಾಗದಂಥ ಒಂದು ಕಠೋರ ಆಜ್ಞೆ ಇದೆ. ಅದನ್ನು ಒಬ್ಬ ಕೆಲಸಗಾರನ ನಂಬರಿಗೆ ಕಳಿಸಿದೆ. ಪಟ್ಟಿಯಲ್ಲಿ ಅವನು ಹಾಗೆಯೇ ಇದ್ದ. ಇನ್ನೊಮ್ಮೆ ಕಳಿಸಿದೆ. ಹಾಗೆಯೇ ಇದ್ದ.

"ಹುಕುಂ ಮುಟ್ಟಿಲ್ಲೇನು?"

"ಮುಟ್ಟೈತ್ರಿ. ಕೇಳಂಗಿಲ್ಲ."

"ನಿಮ್ಮ ಮಾತೂ ಕೇಳಂಗಿಲ್ಲ?"

"ಯಾರ ಮಾತೂ ಕೇಳಂಗಿಲ್ರಿ. ನಮಗ ತೋರಸೂದು ಬರೇ ನೋಡಾಕ ಸರ್, ಆಳಾಕಲ್ಲ."

ಈ ವಿಷಯದ ಬಗ್ಗೆ ಇದಕ್ಕಿಂತ ನಿಖರವಾದ ವಾಕ್ಯವನ್ನು ನಾನು ಪರೀಕ್ಷೆಯಲ್ಲೂ ಬರೆದಿರಲಿಲ್ಲ. ಇದಕ್ಕಿಂತ ಹಾನಿಕರವಾದದ್ದನ್ನೂ ಆಡಿರಲಿಲ್ಲ. ವೀರಭದ್ರಪ್ಪನವರು ಪೆನ್ನು ಜೇಬಿಗೆ ಸೇರಿಸಿ, "ಸೋಮವಾರದ ತನಕ ನೋಡ್ತೀನಿ. ಅಷ್ಟರಾಗ ಚೀಟಿ ಮೊದಲಿನಂಗ ಬರಬೇಕು. ಇಲ್ಲಂದ್ರ ಹೊಸಪೇಟಿ ಕಂಪ್ಯೂಟರಿನಾವ್ನ ಕರಸ್ತೀನಿ. ಅವಾ ಒಳಗಿಂದೆಲ್ಲಾ ಒಂದೂ ಬಿಡದಂಗ ತೊಳದು, ಬ್ಯಾರೆ ಸಿಸ್ಟಂ ಕುಂದರಸ್ತಾನಂತ" ಎಂದು ಹೋದರು.

ತೊಳೆದರೆ ಕಾಟಾದ ಪ್ರೋಗ್ರಾಮೂ ಅದರೊಡನೆ ಹೋಗುತ್ತಿತ್ತು. ಆ ಪ್ರೋಗ್ರಾಮು ನನ್ನದು. ಕೊಂಡು ತಂದದ್ದಲ್ಲ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನೇ ಕೂತು ಬರೆದದ್ದು. ಯಾವ ಊರಿನ ಗಾಡಿಗಳು ಜೋಡಿ ಟ್ರೇಲರ್ ಕಟ್ಟಿಕೊಂಡು ಬರುತ್ತವೆ ಎಂಬುದು ಅದಕ್ಕೆ ಗೊತ್ತು. ಡ್ರೈವರ್ ಖಾಲಿ ಗಾಡಿಯ ತೂಕ ಮರೆತರೆ ಅದು ಮರೆಯುವುದಿಲ್ಲ. ರೈತರ ಹೆಸರುಗಳನ್ನು ಒತ್ತಕ್ಷರ ತಪ್ಪದೆ ಕನ್ನಡದಲ್ಲಿ ಅಚ್ಚು ಹಾಕುತ್ತದೆ. ಆ ಒತ್ತಕ್ಷರಗಳಿಗೇ ನನಗೆ ಒಂದು ತಿಂಗಳು ಹಿಡಿದಿತ್ತು. ಮಿಲ್ಲಿನವರೆಲ್ಲ ಅದು ಕಂಪ್ಯೂಟರಿನ ಜೊತೆಗೇ ಬಂದಿದೆ ಎಂದು ತಿಳಿದಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ. ಅದು ನನ್ನದೆಂದು ನನಗೆ ಗೊತ್ತಿದ್ದರೆ ಸಾಕಾಗಿತ್ತು. ಸೋಮವಾರಕ್ಕೆ ಮೂರು ದಿನವಿತ್ತು.

ಮಧ್ಯಾಹ್ನ ಹಮಾಲರ ಮೇಸ್ತ್ರಿ ಹುಲಗಪ್ಪಣ್ಣ ಎಂದಿನಂತೆ ಬಾಟಲಿಯಲ್ಲಿ ತಣ್ಣೀರು ತುಂಬಿಸಿಕೊಳ್ಳಲು ಕಾಟಾ ಕೋಣೆಗೆ ಬಂದ. ವೀರಭದ್ರಪ್ಪನವರು ಅವನ ಮುಂದೆ ದುಃಖ ತೋಡಿಕೊಂಡರು: ಒಳಗೆ ಮಂದಿ ಸೇರಿದ್ದಾರೆ, ಹುಕುಂ ಕೇಳುವುದಿಲ್ಲ, ಯಾರ ಕಡೆಯವರೆಂದು ಮೇಡಂ ಹೇಳಲೊಲ್ಲರು. ಹುಲಗಪ್ಪಣ್ಣನಿಗೆ ಇಂಗ್ಲಿಷ್ ಬರುವುದಿಲ್ಲ, ಅಂಕಿ ಬರುತ್ತವೆ. ಪರದೆಯ ಹತ್ತಿರ ಬಾಗಿ, ಒಂದೇ ಹೆಸರಿನ ಮುಂದೆ ಬೇರೆ ಬೇರೆ ಅಂಕಿ ಇರುವುದನ್ನು ನೋಡಿದ. ತನ್ನ ತೋಳಿಗೆ ಕಟ್ಟಿದ ಹಿತ್ತಾಳೆಯ ಬಿಲ್ಲೆಯ ನಂಬರನ್ನೂ ನೋಡಿಕೊಂಡ.

"ನಮ್ಮಂಥಾವ್ರ ಬಿಡ್ರಿ ಇವ್ರು" ಎಂದ.

"ನಿಮ್ಮಂಥಾವ್ರಂದ್ರ?"

"ಸಾಹೇಬ್ರ, ಲಾರಿ ಬಂತಂದ್ರ ನೀವು ಏನಂತೀರಿ? 'ಹುಲಗಪ್ಪಾ, ನಾಕು ಮಂದಿ ಕಳಸು' ಅಂತೀರಿ. ಈರಪ್ಪನ್ನ ಕಳಸು, ದುರಗಪ್ಪನ್ನ ಕಳಸು ಅಂತ ಎಂದರ ಅಂದೀರೇನು? ಯಾರು ಖಾಲಿ ಅದಾರ ಅವ್ರು ಬರ್ತಾರ. ಒಂದ್ ತಾಸು ಮರಳಿ ಗೌಡ್ರ ಚೀಲ ಹೊರ್ತಾರ, ಮತ್ತೊಂದ್ ತಾಸು ನಿಮ್ಮ ಮಿಲ್ಲಿನ ತೌಡು ಹೊರ್ತಾರ. ಅವ್ರು ಯಾರ ಮಂದಿ ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಯಾರ ಮಂದಿ ಅಂತ ಕೇಳಬ್ಯಾಡ್ರಿ. ಈಗ ಹೆಗಲ ಮ್ಯಾಲೆ ಯಾರ ಚೀಲ ಐತಿ, ಅದನ್ನ ಕೇಳ್ರಿ."

ನಾನು ಕುರ್ಚಿಯಲ್ಲಿ ನೆಟ್ಟಗಾದೆ. ನಮ್ಮ ಸರ್ ಎರಡು ತರಗತಿ ತೆಗೆದುಕೊಂಡು, ಬೋರ್ಡಿನ ತುಂಬ ಬಾಣದ ಗುರುತು ಎಳೆದು ಹೇಳಿದ್ದನ್ನು ಹುಲಗಪ್ಪಣ್ಣ ಬಾಟಲಿ ತುಂಬುವುದರೊಳಗೆ ಹೇಳಿ ಮುಗಿಸಿದ್ದ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಾದರೂ ಕಾರ್ಯ ಬಂದರೆ ಎಲ್ಲ ಮನೆಯ ಹೆಂಗಸರೂ ರೊಟ್ಟಿ ಬಡಿಯಲು ಸೇರುತ್ತಾರೆ. ಚಿಕ್ಕವಳಿದ್ದಾಗ ನಾನು ಅವ್ವನನ್ನು, ಇಷ್ಟೊಂದು ರೊಟ್ಟಿಯಲ್ಲಿ ನೀನು ಬಡಿದದ್ದು ಯಾವುದು ಎಂದು ಕೇಳಿದ್ದೆ. "ಕೈ ಯಾರದಾದ್ರೇನು? ಹಿಟ್ಟು ಯಾರದೋ ರೊಟ್ಟಿ ಅವ್ರದು" ಎಂದಿದ್ದಳು. ಇಷ್ಟು ಒಳ್ಳೆಯ ಪಾಠಗಳೆಲ್ಲ ಮನೆಯಲ್ಲೇ ಇರುವಾಗ ನಾನು ಹಾಸ್ಟೆಲ್ ಸೇರಿದ್ದು ಯಾಕೆ ಎಂದು ಈಗ ಅನಿಸುತ್ತದೆ.

ವೀರಭದ್ರಪ್ಪನವರು ಹುಲಗಪ್ಪಣ್ಣನ ಮಾತಿನಿಂದ ತಮಗೆ ಬೇಕಾದದ್ದನ್ನಷ್ಟೇ ತೆಗೆದುಕೊಂಡರು. ಹಮಾಲರೇ ಆದರೆ ಅವರ ಮೇಲೆ ಕಣ್ಣಿರಬೇಕು. "ಮಂದಿ ಕಣ್ಣಾಗ ಇದ್ರ ಕೆಲ್ಸ ತಾನ ಆಗ್ತೈತಿ" ಎಂದು, ಸ್ಟೋರಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ದೊಡ್ಡ ಮಾನಿಟರನ್ನು ತರಿಸಿ, ಶುಕ್ರವಾರ ಸಂಜೆಯೊಳಗೆ ಕಾಟಾ ಕೋಣೆಯ ಕಿಟಕಿಯಲ್ಲಿ, ಹೊರಗೆ ಮುಖ ಮಾಡಿ ಕೂರಿಸಿದರು. ನಾನು ಕೇಬಲ್ ಜೋಡಿಸಿಕೊಟ್ಟೆ. ಕರ್ನಲ್ಲಿನ ಕೆಲಸಗಾರರು, ಬಹುಶಃ ತಮ್ಮ ಚರಿತ್ರೆಯಲ್ಲೇ ಮೊದಲ ಬಾರಿಗೆ, ಸಾಲಿನಲ್ಲಿ ನಿಂತ ಟ್ರ್ಯಾಕ್ಟರ್ ಡ್ರೈವರುಗಳಿಗೆ ದಿನವಿಡೀ ಕಾಣಿಸತೊಡಗಿದರು. ಹೆಚ್ಚು ದುಡಿಯುವವರು ಮೇಲೆ, ಕಡಿಮೆ ದುಡಿಯುವವರು ಕೆಳಗೆ, ಪಕ್ಕದಲ್ಲಿ ಶೇಕಡಾ ಎಷ್ಟು ಎಂಬ ಅಂಕಿ.

ನಾನು ಮಾತ್ರ ಹುಲಗಪ್ಪಣ್ಣನ ಪ್ರಶ್ನೆಯನ್ನೇ ಹಿಡಿದುಕೊಂಡು ಕುಳಿತೆ. ಲಿನಕ್ಸಿನ ಹೊಸ ಆವೃತ್ತಿಗಳಲ್ಲಿ ಒಂದು ಸೌಜನ್ಯವಿದೆ: ಕೆಲಸಗಾರನ ಹೆಸರಿನ ಮುಂದೆ, ಅವನ ಕೈಯಲ್ಲಿ ಸದ್ಯ ಯಾವ ಕೆಲಸವಿದೆ ಎಂಬುದನ್ನೂ ಚುಟುಕಾಗಿ ಬರೆದಿರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಓದಿರಲಿಲ್ಲ, ಯಾಕೆಂದರೆ ಕಂಸದೊಳಗಿನವರ ತಂಟೆಗೆ ಹೋಗಬಾರದಲ್ಲ. ಈಗ ಓದಿದೆ. ಯಾವಾಗ ನೋಡಿದರೂ ಮೇಲಿನ ಸಾಲುಗಳಲ್ಲೇ ಇರುತ್ತಿದ್ದ ಒಬ್ಬ ಕೆಲಸಗಾರನ ಹೆಗಲ ಮೇಲಿದ್ದದ್ದು, ಬರೆಯಲು ಬಾಕಿ ಇರುವುದನ್ನೆಲ್ಲ ಡಿಸ್ಕಿಗೆ ಒಯ್ದು ಹಾಕುವ ಕೆಲಸ. ಒಯ್ದು ಹಾಕುತ್ತಿದ್ದ, ಡಿಸ್ಕಿನ ಬಾಗಿಲಲ್ಲಿ ಕಾಯುತ್ತಿದ್ದ, ಬಂದು ಮತ್ತೆ ಹೊರುತ್ತಿದ್ದ. ಸೆಕೆಂಡಿಗೆ ಹತ್ತು ಸಲ ಅವನಿಗೆ "ಈಗಿಂದೀಗ ಎಲ್ಲಾ ಒಯ್ದು ಹಾಕು" ಎಂದು ಯಾರೋ ಕೂಗುತ್ತಿದ್ದರು. ಯಾರು ಎಂದು ಹುಡುಕುತ್ತ ಹೋದೆ. ಶುಕ್ರವಾರ ಊಟದ ಹೊತ್ತಿಗೆ ಚೀಲದ ಒಡೆಯರು ಸಿಕ್ಕರು.

ನಾನೇ.

ಕಳೆದ ಮಳೆಗಾಲದಲ್ಲಿ ಒಮ್ಮೆ ಕರೆಂಟು ಹೋಗಿ ಒಂದು ಗಾಡಿಯ ತೂಕ ಕಳೆದುಹೋಗಿತ್ತು. ಒಂದೇ ಒಂದು. ಡ್ರೈವರ್ ಗೊಣಗದೆ ಗಾಡಿ ಹಿಂದೆ ತೆಗೆದು ಮತ್ತೆ ಹತ್ತಿಸಿದ್ದ, ಯಾರೂ ಏನೂ ಅಂದಿರಲಿಲ್ಲ. ಆದರೆ ನನಗೆ ಎರಡು ದಿನ ಊಟ ಸೇರಲಿಲ್ಲ. ಇನ್ನು ಇಂಥದು ಆಗಬಾರದೆಂದು, ಕಾಟಾದಿಂದ ಒಂದೊಂದು ಅಂಕಿ ಬಂದಾಗಲೂ ಕೂಡಲೇ ಎಲ್ಲವನ್ನೂ ಡಿಸ್ಕಿಗೆ ಬರೆ ಎಂಬ ಒಂದು ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದ್ದೆ. ಕಾಟಾ ಸೆಕೆಂಡಿಗೆ ಹತ್ತು ಅಂಕಿ ಕಳಿಸುತ್ತದೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಗಾಡಿ ಬರುತ್ತಿದ್ದಾಗ ಅದು ಯಾರಿಗೂ ತಿಳಿಯಲಿಲ್ಲ. ಸುಗ್ಗಿಗೆ ಗಾಡಿಗಳೂ ಬಂದವು, ಟ್ರೇಲರಿನ ಫೋಟೋ ತೆಗೆಯುವ ಹೊಸ ಕ್ಯಾಮೆರಾ ಕೂಡ ಬಂತು. ನನ್ನ ಆ ಒಂದು ಸಾಲು ತನ್ನ ಅಂಕಿಯನ್ನಷ್ಟೇ ಅಲ್ಲ, ಇಡೀ ಕಂಪ್ಯೂಟರಿನಲ್ಲಿ ಬಾಕಿ ಇದ್ದ ಫೋಟೋಗಳನ್ನೂ ಸೆಕೆಂಡಿಗೆ ಹತ್ತು ಸಲ ಹೊರಿಸುತ್ತಿತ್ತು. ಒಬ್ಬಳು ಒಂದು ಹಿಡಿ ಕಾಳು ಒಳಗಿಡಲು ಇಡೀ ಓಣಿಯ ಕಣಜಗಳನ್ನು ಖಾಲಿ ಮಾಡಿಸಿದಂತೆ. ಹೊತ್ತವನಿಗೆ ಸುಸ್ತು, ಅಪವಾದ ಬೇರೆ.

ಶನಿವಾರ ಬೆಳಿಗ್ಗೆ ಆ ಸಾಲು ತೆಗೆದೆ. ಒಂದು ಗಾಡಿಯ ತೂಕ ಪೂರ್ತಿಯಾದ ಮೇಲೆ ಒಮ್ಮೆ, ತನ್ನದನ್ನಷ್ಟೇ ಬರೆದರೆ ಸಾಕು ಎಂದು ತಿದ್ದಿದೆ. ಮೊದಲ ಗಾಡಿ ಹತ್ತಿತು. ಡ್ರೈವರನ ಕಾಲು ನೆಲ ಮುಟ್ಟುವ ಮೊದಲೇ ಚೀಟಿ ಹೊರಗೆ ಬಿತ್ತು. ಹನ್ನೆರಡರೊಳಗೆ ಸೇತುವೆ ಖಾಲಿಯಾಯಿತು. ವೀರಭದ್ರಪ್ಪನವರು ಕಿಟಕಿಯ ಮಾನಿಟರಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ನೋಡಿದ್ರೇನ್ರಿ ಮೇಡಂ? ಕಣ್ಣಿಟ್ಟ ಮರುದಿನಕ್ಕ ಹೆಂಗ ಮೆತ್ತಗಾದ್ರು!"

"ಹೌದು ಸರ್" ಎಂದೆ.

ಇದನ್ನು ಸುಳ್ಳು ಎನ್ನಬೇಡಿ. ನಾನು ಕೂಡಲೇ ಪರಿಶೀಲಿಸಿದೆ. ಕಣ್ಣಿಟ್ಟದ್ದು ಹೌದು, ಮರುದಿನವೆಂಬುದು ಹೌದು, ಮೆತ್ತಗಾದದ್ದೂ ಹೌದು. ನನ್ನ ಪ್ರೋಗ್ರಾಮು ಉಳಿಯಿತು, ನನ್ನ ಗುಟ್ಟೂ ಉಳಿಯಿತು. ಆ ಮಧ್ಯಾಹ್ನ ಡಬ್ಬಿಯಲ್ಲಿದ್ದ ಪುಂಡಿಪಲ್ಯೆ ಎಷ್ಟು ರುಚಿಯಾಗಿತ್ತೆಂದರೆ, ಅವ್ವನಿಗೆ ಫೋನ್ ಮಾಡಿ ಹೇಳೋಣ ಅನಿಸಿತು. ಮಾಡಲಿಲ್ಲ. ಏನು ವಿಶೇಷ ಎಂದು ಕೇಳುತ್ತಾಳೆ.

ಮೂರು ಗಂಟೆಗೆ ವೀರಭದ್ರಪ್ಪನವರು ಹುಲಗಪ್ಪಣ್ಣನನ್ನು ಕರೆಸಿ, ಹೊಸ ಉತ್ಸಾಹದಿಂದ ಒಂದು ಸುದ್ದಿ ಹೇಳಿದರು. ಗೋದಾಮಿನ ಬಾಗಿಲಿಗೂ ಇಂಥದೇ ಒಂದು ಪರದೆ ಬರುತ್ತದೆ. ನಲವತ್ತು ಹಮಾಲರ ಬಿಲ್ಲೆ ನಂಬರು, ಯಾರು ಎಷ್ಟು ಚೀಲ ಹೊತ್ತರು ಎಂಬುದು, ರಸ್ತೆಗೆ ಕಾಣುವಂತೆ. "ಯಾರ ಹುಕುಂ ಕೇಳದ ಕಂಪ್ಯೂಟರ್ ಮಂದಿನ ದಾರಿಗೆ ಬಂದ್ರು, ನಿಮ್ಮವ್ರು ಬರಂಗಿಲ್ಲೇನು?" ಎಂದು ನಕ್ಕು, ನನ್ನ ಕಡೆ ತಿರುಗಿ, "ಸೋಮವಾರದೊಳಗ ಮಾಡಿಕೊಡ್ರಿ ಮೇಡಂ" ಎಂದರು.

ಹುಲಗಪ್ಪಣ್ಣ ಹೆಗಲ ಟವೆಲು ತೆಗೆದು, ಕೊಡವಿ, ಮಡಚಿದ. ಅವರು ಆಚೆ ಹೋದ ಮೇಲೆ ನನ್ನನ್ನು ಕೇಳಿದ: "ಅಕ್ಕಾರ, ನಮ್ಮ ದುರಗಪ್ಪಗ ಮೊಳಕಾಲು ಹೋಗೈತಿ. ದಿನಕ್ಕ ಹತ್ತು ಚೀಲ ಹೊತ್ರ ಭಾಳ. ಆದ್ರ ಚೀಲದ ಮ್ಯಾಲ ಚೀಲ ಇಟ್ಟು ನಿಟ್ಟು ಒಟ್ಟಾಂವ ಅವ. ಅವಾ ನಿಂತು ಹೇಳ್ಲಿಲ್ಲಂದ್ರ ಚೀಲದ ನಿಟ್ಟು ಮಂದಿ ಮ್ಯಾಲ ಬೀಳ್ತೈತಿ. ಅದು ಪರದ್ಯಾಗ ಹೆಂಗ ಬರ್ತೈತ್ರಿ?"

ಬರುವುದಿಲ್ಲ. ಹತ್ತು ಎಂದು ಬರುತ್ತದೆ. ಪಟ್ಟಿಯ ತೀರ ಕೆಳಗೆ ಬರುತ್ತದೆ. ಅದನ್ನು ಮಾಡಿಕೊಡುವವಳು ನಾನು. ನಾನು ಎದ್ದು ವೀರಭದ್ರಪ್ಪನವರ ಕೋಣೆಗೆ ಹೋದೆ. ಕರೆಯದೆ ನಾನು ಅಲ್ಲಿಗೆ ಹೋದದ್ದು ಅದೇ ಮೊದಲಾದ್ದರಿಂದ ಅವರು ಗಾಬರಿಯಿಂದ ಎದ್ದು ನಿಂತರು.

"ಸರ್, ಆ ಕಂಸದೊಳಗಿನವ್ರದು ಏನೂ ತಪ್ಪಿರಲಿಲ್ರಿ. ಪರದೆ ಇಟ್ಟದ್ದಕ್ಕ ಸುಧಾರಿಸಿಲ್ಲ. ಹೊರಸಾಕಿ ಸುಮ್ಮಸುಮ್ಮನ ಹೊರಸಾಕತ್ತಿದ್ಲು. ಇವತ್ತ ಮುಂಜಾನೆ ನಿಲ್ಲಿಸ್ಯಾಳ."

"ಯಾರಾಕಿ?"

"ನಾನ ಸರ್."

ಪೂರ್ತಿ ಹೇಳಿದೆ. ಕೇಳುವವರು ಎದ್ದು ಹೋಗದೇ ಇದ್ದದ್ದು ನನ್ನ ಅನುಭವದಲ್ಲಿ ಅದೊಂದೇ ಸಲ. ಅವರದೇ ಕೋಣೆ, ಎಲ್ಲಿಗೆ ಹೋಗುತ್ತಾರೆ? ಕೊನೆಗೆ ಕೇಳಿದರು:

"ಅಂದ್ರ ಕಾಟಾದ ಪ್ರೋಗ್ರಾಮ್ ನೀವು ಮಾಡಿದ್ದು?"

"ಹೌದ್ರಿ."

"ಕಂಪ್ಯೂಟರ್ ಜೋಡಿ ಬಂದದ್ದಲ್ಲ?"

"ಅಲ್ರಿ."

"ಆ ರೈತರ ಹೆಸರು ಅಷ್ಟ ಛಲೋ ಬರ್ತಾವಲ್ಲ, ಅದೂ?"

"ಅದೂ ನಾನ ಸರ್."

"ಎರಡ ವರ್ಷ ಆತಲ್ರೀ ತಂಗಿ! ಬಾಯಿ ಬಿಟ್ಟು ಒಂದ್ ಮಾತು ಹೇಳಬಾರ್ದ?" ಎಂದರು. ಅದು ಬೈಗಳೋ ಹೊಗಳಿಕೆಯೋ ನನಗೆ ಇನ್ನೂ ನಿರ್ಧರಿಸಲಾಗಿಲ್ಲ. ಆಮೇಲೆ, "ಹಂಗಾರ ಹೊರಾವ್ರ ಮ್ಯಾಲ ಕಣ್ಣಿಟ್ಟು ಉಪಯೋಗಿಲ್ಲ. ಹೊರಸಾವ್ರ ಮ್ಯಾಲ ಇಡಬೇಕು" ಎಂದರು. ಗೋದಾಮಿನ ಪರದೆ ಅಲ್ಲಿಗೆ ರದ್ದಾಯಿತು. ಹೊಸಪೇಟೆಯವನಿಗೆ ಬರಬೇಡವೆಂದು ನನ್ನೆದುರಿಗೇ ಫೋನ್ ಹೋಯಿತು. ನಾನು ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಕೇಳಿಸಿತು: "ಮೇಡಂ, ಕಿಟಕ್ಯಾಗಿನ ಪಟ್ಟಿಯೊಳಗ ನಿಮ್ಮ ಹೆಸರು ಎಲ್ಲೈತಿ?"

ಪ್ರತಿಯೊಂದು ಪ್ರೋಗ್ರಾಮಿನ ಮುಂದೆ ಅದನ್ನು ನಡೆಸುವವರ ಹೆಸರು ಬರುತ್ತದೆ. ನಾನು ನನ್ನದನ್ನು 'ಕಾಟಾ' ಎಂಬ ಅನಾಮಿಕ ಖಾತೆಯಲ್ಲಿ ನಡೆಸುತ್ತಿದ್ದೆ. ಸೋಮವಾರದಿಂದ ಆ ಜಾಗದಲ್ಲಿ ನನ್ನ ಪೂರ್ತಿ ಹೆಸರು ಬರತೊಡಗಿತು, ದೊಡ್ಡ ಮಾನಿಟರಿನಲ್ಲಿ, ಹೊರಗೆ ಮುಖ ಮಾಡಿ. ಓದಲು ಬಾರದ ಒಬ್ಬ ಡ್ರೈವರ್ ಕೂಡ ನಮ್ಮ ಜಿಲ್ಲೆಯಲ್ಲಿ ಇಲ್ಲವೆಂಬುದು ಆ ವಾರ ನನಗೆ ಖಚಿತವಾಯಿತು. "ಅಕ್ಕಾರ, ಇವತ್ತ ನೀವ ಎಲ್ಲಾರ್ಕಿಂತ ಮ್ಯಾಲದೀರಿ!" ಎಂದು ಒಬ್ಬ. "ಮೇಡಂ, ನಿನ್ನಿ ಆರು ಪರ್ಸೆಂಟ್ ಇದ್ರಿ, ಇವತ್ತ ಬರೇ ಎರಡರೀ. ಮೈಯಾಗ ಆರಾಮಿಲ್ಲೇನು?" ಎಂದು ಇನ್ನೊಬ್ಬ. ಒಬ್ಬಾತ ತನ್ನ ಹೆಂಡತಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ.

ಇದರಿಂದ ಪಾರಾಗಲು ಒಂದು ಮರ್ಯಾದಸ್ಥ ದಾರಿಯಿತ್ತು. ಪ್ರೋಗ್ರಾಮು ಎಷ್ಟು ಹಗುರವಾದರೆ ಅಷ್ಟು ಕೆಳಗಿಳಿಯುತ್ತದೆ. ಒಂದು ವಾರ ಕೂತು ಅದರ ಒಂದೊಂದು ಸಾಲನ್ನೂ ತಿದ್ದಿ, ತಿಕ್ಕಿ, ಗಾಳಿಯಷ್ಟು ಹಗುರ ಮಾಡಿದೆ. ನನ್ನ ಹೆಸರು ಮೆಲ್ಲಗೆ ಜಾರುತ್ತ, ಕಂಸದೊಳಗಿನ ನೂರಾ ಹದಿನೇಳು ಮಂದಿಯನ್ನೂ ದಾಟಿ, ಪರದೆಯ ಅಂಚಿನ ಕೆಳಗೆ ಮುಳುಗಿತು. ಅಷ್ಟು ಒಳ್ಳೆಯ ಪ್ರೋಗ್ರಾಮನ್ನು ನಾನು ಹಿಂದೆ ಬರೆದಿರಲಿಲ್ಲ. ಎರಡು ದಿನ ಸ್ವರ್ಗಸುಖ. ಮೂರನೆಯ ದಿನ ವೀರಭದ್ರಪ್ಪನವರು ನನ್ನ ಕುರ್ಚಿಯ ಮುಂದೆಯೇ ನಿಂತು, ಕಾಳಜಿಯಿಂದ, "ಮೇಡಂ, ಎರಡ ದಿನ ಆತು ನೀವು ಕಾಣವಲ್ರಿ. ರಜಾ ಹಾಕೀರೇನು?" ಎಂದರು.

ಹೇಳಲು ನಾಚಿಕೆಯಾಗುತ್ತದೆ. ಆ ದಿನ ಪ್ರೋಗ್ರಾಮಿಗೆ ಒಂದು ಹೊಸ ಸಾಲು ಸೇರಿಸಿದೆ. ಅದು ಒಂದರಿಂದ ಹತ್ತು ಸಾವಿರದವರೆಗೆ ಸುಮ್ಮನೆ ಎಣಿಸುತ್ತದೆ, ತುಸು ತಡೆದು ಮತ್ತೆ ಒಂದರಿಂದ ಶುರು ಮಾಡುತ್ತದೆ. ಯಾರಿಗೂ ತೊಂದರೆಯಿಲ್ಲ. ನನ್ನ ಹೆಸರು ಮೂರನೆಯ ಸ್ಥಾನದಲ್ಲಿ, ಶೇಕಡಾ ಮೂರರ ಮೇಲೆ, ತೀರ ಎದ್ದುಕಾಣದಂತೆಯೂ ತೀರ ಮರೆಯಾಗದಂತೆಯೂ ನಿಂತಿತು. ವೀರಭದ್ರಪ್ಪನವರಿಗೆ ಸಮಾಧಾನವಾಯಿತು. ಡ್ರೈವರುಗಳು ನನ್ನನ್ನು ಬಿಟ್ಟು ಬೇರೆಯವರ ಶೇಕಡಾ ನೋಡತೊಡಗಿದರು.

ಮೊನ್ನೆ ಹುಲಗಪ್ಪಣ್ಣ ನೀರಿಗೆ ಬಂದ. ಸುಗ್ಗಿ ಮುಗಿಯುತ್ತ ಬಂದಿದೆ. ಕಾಟಾದ ಮೇಲೆ ಒಂದು ನಾಯಿ ಮಲಗಿತ್ತು, ಅಷ್ಟೇ. ಅವನು ಕಿಟಕಿಯ ಹೊರಗೆ ನಿಂತು ಪರದೆ ನೋಡಿದ, ನಾಯಿಯನ್ನು ನೋಡಿದ, ಒಳಗೆ ಬಂದು ನನ್ನನ್ನೂ ನೋಡಿದ.

"ಗಾಡಿ ಒಂದೂ ಇಲ್ಲ ಅಕ್ಕಾರ. ನೀವು ಮುಂಜಾನಿಂದ ಮೂರನೇ ನಂಬರಿನಾಗ ಅದೀರಿ."

ನಾನು ಕೀಬೋರ್ಡಿನ ಧೂಳು ಒರೆಸಿದೆ. ಹುಲಗಪ್ಪಣ್ಣ ಬಾಟಲಿಯ ಮುಚ್ಚಳ ತಿರುವುತ್ತ ದನಿ ತಗ್ಗಿಸಿದ. "ಸಾಹೇಬ್ರು ಅಂಗಳಕ್ಕ ಬಂದಾಗ ನಮ್ಮ ಮಂದಿನೂ ಹಿಂಗ ಮಾಡ್ತಾರ್ರಿ. ತೌಡು ತುಂಬಿದ ಚೀಲ ಹೆಗಲಿಗೆ ಒಗಕೊಂಡು ಸುಮ್ಮ ಎರಡ ಸುತ್ತು ಹಾಕ್ತಾರ. ಆದ್ರ ನೀವು ಹೊತ್ತಿಂದ ಹೊತ್ತಿಗೆ ಮೂರಕ್ಕ ಮೂರು ಅದೀರಿ. ಹಂಗಿರಬಾರ್ದ್ರಿ. ಹಗುರ ಚೀಲ ಹೊತ್ತಾಗ ನಡುನಡುವ ನಿಂತು, ಉಸ್ ಅಂತ ಹೆಗಲ ಬದಲಿ ಮಾಡಬೇಕು. ಇಲ್ಲಂದ್ರ ಗೊತ್ತಾಗಿ ಬಿಡ್ತೈತಿ."

ಅವನು ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡೆ. ಸಂಜೆಯ ಬಸ್ಸಿಗೆ ಹೊರಡುವುದರೊಳಗೆ ನನ್ನ ಪ್ರೋಗ್ರಾಮು ಎಣಿಕೆಯ ನಡುನಡುವೆ ನಿಂತು ಹೆಗಲು ಬದಲಿಸುವುದನ್ನು ಕಲಿತಿತ್ತು.